ಮೊದಲ ಭೇಟಿಯ ಸಾವಿರ ರೂಪಾಯಿ: ದಾವಣಗೆರೆಯ ಒಂದು ಕೌಟುಂಬಿಕ ಪ್ರಕರಣ

ಕೌಟುಂಬಿಕ ವ್ಯಾಜ್ಯಗಳನ್ನು ನಡೆಸುವ ವಕೀಲರು ಮೊದಲ ಭೇಟಿಗೇ ಶುಲ್ಕ ಕೇಳಿದರೆ ನಮ್ಮ ಕಡೆಯ ಕಕ್ಷಿದಾರರಿಗೆ ಅದು ಈಗಲೂ ವಿಚಿತ್ರವಾಗಿ ಕಾಣುತ್ತದೆ. ವಕಾಲತ್ತಿಗೆ, ಅಂದರೆ ತಮ್ಮ ಪರವಾಗಿ ಪ್ರಕರಣ ನಡೆಸಲು ವಕೀಲರಿಗೆ ಕೊಡುವ ಅಧಿಕಾರಪತ್ರಕ್ಕೆ, ಸಹಿ ಹಾಕಿದ ಮೇಲೆ ಮುಂಗಡ ಕೊಡುವುದು, ಆಮೇಲೆ ತಾರೀಖಿಗೆ ಇಷ್ಟು ಎಂದು ಖರ್ಚು ಕೊಡುತ್ತಾ ಹೋಗುವುದು ಇಲ್ಲಿನ ರೂಢಿ. ಬರೀ ಮಾತಿಗೆ ಹಣ ಕೊಡುವುದು ರೂಢಿಯಲ್ಲ. ಆ ಶುಲ್ಕದಿಂದ ಕಕ್ಷಿದಾರರಿಗೆ ಏನು ದಕ್ಕುತ್ತದೆ, ಅದನ್ನು ಪಡೆದ ವಕೀಲರು ಏನನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ಒಂದೇ ಪ್ರಕರಣದ ಮೂಲಕ ನೋಡುವುದು ಈ ಬರಹದ ಉದ್ದೇಶ. ಇಲ್ಲಿ ಬರುವ ಕುಟುಂಬ ಯಾವುದೋ ಒಂದು ನಿರ್ದಿಷ್ಟ ಕುಟುಂಬವಲ್ಲ. ದಾವಣಗೆರೆ, ಹರಿಹರ, ಚನ್ನಗಿರಿಯ ಕಡೆಯವರು ವಕೀಲರ ಕಚೇರಿಗೆ ಹೊತ್ತು ತರುವ ಸಂಗತಿಗಳನ್ನು ಸೇರಿಸಿ, ಯಾರ ಗುರುತೂ ಹತ್ತದಂತೆ ಒಂದು ಪ್ರಕರಣವಾಗಿ ಹೆಣೆದಿದ್ದೇನೆ. ಕಾನೂನಿನ ಕಲಮುಗಳು ಮಾತ್ರ ಇದ್ದ ಹಾಗೆಯೇ ಇವೆ.

ಆಕೆಗೆ 31 ವರ್ಷ. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ತಿಂಗಳಿಗೆ 14,000 ರೂಪಾಯಿ ಸಂಬಳದ ಶಿಕ್ಷಕಿ. ತವರು ಮನೆ ನಿಟುವಳ್ಳಿಯಲ್ಲಿ. 2018ರಲ್ಲಿ ಚನ್ನಗಿರಿ ತಾಲ್ಲೂಕಿನ ಅಡಿಕೆ ತೋಟದ ಮನೆತನವೊಂದಕ್ಕೆ ಮದುವೆಯಾಗಿ ಹೋದರು. ಮದುವೆ ನಡೆದದ್ದು ದಾವಣಗೆರೆಯಲ್ಲೇ. 2020ರ ನವೆಂಬರ್‌ನಲ್ಲಿ ಗಂಡು ಮಗು ಹುಟ್ಟಿತು. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದಾಗ, ತೋಟ ಉಳಿಸಿಕೊಳ್ಳಲು ಗಂಡ ಒಂದರ ಹಿಂದೆ ಒಂದು ಕೊಳವೆಬಾವಿ ಕೊರೆಸಿದರು. ಎರಡರಲ್ಲಿ ಬರೀ ದೂಳು ಬಂತು. ಮೂರನೆಯದಕ್ಕೆ ಹಣವಿಲ್ಲದೆ, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೆಂಡತಿಗೆ ತವರಿನವರು ಹಾಕಿದ್ದ ಸುಮಾರು 80 ಗ್ರಾಂ ಒಡವೆಯನ್ನು ಆಕೆಗೆ ಹೇಳದೆ ಅಡವಿಟ್ಟರು. ಅಕ್ಟೋಬರ್‌ನಲ್ಲಿ ವಿಷಯ ತಿಳಿದು ಆಕೆ ಕೇಳಿದಾಗ ಜಗಳವಾಗಿ, ಕೈ ಮಾಡುವವರೆಗೂ ಹೋಯಿತು. ಆಕೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದರು. ಎರಡೂ ಕಡೆಯ ಹಿರಿಯರು ಕೂತು ಎರಡು ಸಲ ನ್ಯಾಯ ಮಾಡಿದರು, ಯಾವುದೂ ನಿಲ್ಲಲಿಲ್ಲ. ಹತ್ತು ತಿಂಗಳು ಹೀಗೇ ಕಳೆದು, 2024ರ ಆಗಸ್ಟ್ ಕೊನೆಯಲ್ಲಿ, ಗಂಡನ ಕಡೆಯವರು ಡೈವೋರ್ಸ್ ಹಾಕುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಆಕೆಯ ಅಣ್ಣ ವಕೀಲರನ್ನು ಹುಡುಕಲು ಹೊರಟರು.

ಮೊದಲು ಹೋದ ಕಚೇರಿಯಲ್ಲಿ ಭೇಟಿಗೆ ಹಣ ಕೇಳಲಿಲ್ಲ. ಹತ್ತು ನಿಮಿಷದ ಮಾತುಕತೆ ನಡೆಯಿತು. ಪೊಲೀಸ್ ದೂರು, ಕೌಟುಂಬಿಕ ಹಿಂಸೆಯ ಅರ್ಜಿ, ಜೀವನಾಂಶ, ವಿಚ್ಛೇದನ ಎಂದು ನಾಲ್ಕು ಪ್ರಕರಣಗಳನ್ನು ಒಟ್ಟಿಗೆ ಹಾಕಿದರೆ ಅವರು ದಾರಿಗೆ ಬರುತ್ತಾರೆಂದೂ, 25,000 ರೂಪಾಯಿ ಮುಂಗಡ ಕೊಟ್ಟು ವಕಾಲತ್ತಿಗೆ ಸಹಿ ಮಾಡಿದರೆ ಮರುದಿನವೇ ಕೆಲಸ ಶುರುವಾಗುತ್ತದೆಂದೂ ಹೇಳಿದರು. ಆಕೆ ತಂದಿದ್ದ ಕಾಗದಗಳ ಚೀಲವನ್ನು ಯಾರೂ ಬಿಚ್ಚಲಿಲ್ಲ. ಆ ವಕೀಲರು ಕೆಟ್ಟವರು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಣ ಹುಟ್ಟುವುದು ವಕಾಲತ್ತಿನಿಂದ ಮಾತ್ರ ಎಂದಾದಾಗ, ಮೊದಲ ಹತ್ತು ನಿಮಿಷದಲ್ಲಿ ಎದುರಿಗಿರುವವರ ಸಹಿ ಪಡೆಯುವುದಕ್ಕಿಂತ ಹೆಚ್ಚಿನದನ್ನು ಮಾಡಲು ಯಾರಿಗೂ ಕಾರಣವಿರುವುದಿಲ್ಲ. ಮುಂಗಡ ಹೊಂದಿಸಲು ಸಮಯ ಬೇಕೆಂದು ಹೇಳಿ ಅಣ್ಣ ತಂಗಿ ಹೊರಬಂದರು.

ಎರಡನೆಯ ಕಚೇರಿಗೆ ಫೋನ್ ಮಾಡಿದಾಗಲೇ, ಒಂದು ಗಂಟೆಯ ಸಮಾಲೋಚನೆಗೆ 1,000 ರೂಪಾಯಿ, ಮದುವೆ ಮತ್ತು ಮಗುವಿಗೆ ಸಂಬಂಧಿಸಿದ ಎಲ್ಲ ಕಾಗದಗಳನ್ನು ತರಬೇಕು ಎಂದು ತಿಳಿಸಿದರು. "ಅಂಗಡ್ಯಾಗೆ ಬಟ್ಟೆ ನೋಡಾಕೂ ರೊಕ್ಕ ಕೊಡ್ತಾರೇನ್ರಿ?" ಎಂದು ಅಣ್ಣ ಕೇಳಿದರಂತೆ. ಜವಳಿಯ ಊರಿನಲ್ಲಿ ಸಹಜವಾಗಿಯೇ ಬಾಯಿಗೆ ಬರುವ ಮಾತು, ಮತ್ತು ಮೇಲ್ನೋಟಕ್ಕೆ ನ್ಯಾಯವಾದ ಮಾತು. ಆದರೆ ನೋಡಿ ಬಿಟ್ಟ ಬಟ್ಟೆಯನ್ನು ಅಂಗಡಿಯವರು ಮುಂದಿನ ಗಿರಾಕಿಗೆ ಮಾರಬಹುದು. ಕೌಟುಂಬಿಕ ಪ್ರಕರಣದಲ್ಲಿ ಒಮ್ಮೆ ಸಲಹೆ ಕೊಟ್ಟ ವಕೀಲರಿಗೆ ಆ ಸ್ವಾತಂತ್ರ್ಯ ಉಳಿಯುವುದಿಲ್ಲ. ಇದು ಹೇಗೆಂಬುದು ಈ ಪ್ರಕರಣದಲ್ಲೇ ಮುಂದೆ ಕಾಣುತ್ತದೆ.

ಸಂಜೆ ಆರೂವರೆಗೆ ಭೇಟಿ. ಕಥೆ ಕೇಳುವ ಮೊದಲು ವಕೀಲರು ಕೇಳಿದ್ದು ಗಂಡನ ಹೆಸರು, ಅವರ ತಂದೆಯ ಹೆಸರು, ಊರು. ಆ ಕುಟುಂಬದವರು ಯಾರಾದರೂ ಈ ಮೊದಲು ಇದೇ ಕಚೇರಿಗೆ ಬಂದಿದ್ದಾರೆಯೇ ಎಂದು ಹಳೆಯ ಪುಸ್ತಕ ನೋಡಿ, ಇಲ್ಲವೆಂದು ಖಚಿತವಾದ ಮೇಲೆಯೇ ಮುಂದಿನ ಮಾತು. ಎರಡನೆಯದಾಗಿ ಹೇಳಿದ್ದು, ಹಣ ಪಡೆಯುವವರ ಬಾಯಿಂದ ನಾವು ಸಾಮಾನ್ಯವಾಗಿ ನಿರೀಕ್ಷಿಸದ ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಅವರ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋದರೆ ಸಲಹೆಯೂ ಸಿಗುತ್ತದೆ, ವಕೀಲರನ್ನೂ ನೇಮಿಸಿಕೊಡುತ್ತಾರೆ, 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಹಾಗಿದ್ದೂ ಇಲ್ಲೇ ಮಾತಾಡಬೇಕೇ ಎಂದು ಕೇಳಿದರು. ಪುಕ್ಕಟೆ ವಕೀಲರೆಂದರೆ ಅಷ್ಟಕ್ಕಷ್ಟೆ ಎಂಬುದು ಅಣ್ಣನ ಅಭಿಪ್ರಾಯ. ಆ ಅಭಿಪ್ರಾಯ ತಪ್ಪು, ಆದರೆ ಊರೆಲ್ಲ ಹರಡಿರುವ ತಪ್ಪು. ಆಕೆ ಇಲ್ಲೇ ಮಾತಾಡುತ್ತೇನೆಂದರು.

ನಂತರ ಅಣ್ಣನನ್ನು ಹೊರಗೆ ಕೂರಲು ಹೇಳಿದರು. ಅಣ್ಣನಿಗೆ ಇದರಿಂದ ಬೇಸರವಾಯಿತು. ಕಾರಣ ಎರಡು. ವಕೀಲರಿಗೆ ಕಕ್ಷಿದಾರರು ವೃತ್ತಿಯ ಸಂಬಂಧದಲ್ಲಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಹಿಂದೆ ಸಾಕ್ಷ್ಯ ಅಧಿನಿಯಮದ 126ನೇ ಕಲಮಿನಲ್ಲಿದ್ದ ಈ ರಕ್ಷಣೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಮೂರನೆಯವರು ಕೂತು ಕೇಳಿದ ಮಾತಿಗೆ ಆ ಗೋಪ್ಯತೆಯ ಬಲ ಅಷ್ಟು ಗಟ್ಟಿಯಾಗಿ ನಿಲ್ಲದು. ಎರಡನೆಯದು ಕಾನೂನಿಗಿಂತ ಹಳೆಯ ಕಾರಣ: ಅಣ್ಣನ ಎದುರು ತಂಗಿ ಎಲ್ಲವನ್ನೂ ಹೇಳುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಆಕೆ ಹೇಳಿದ ಮೊದಲ ಮಾತು ತನಗೆ ಡೈವೋರ್ಸ್ ಬೇಕೋ ಬೇಡವೋ ಗೊತ್ತಿಲ್ಲ ಎಂಬುದು. ಮಗುವಿನ ಶಾಲೆಯ ಖರ್ಚು ಬೇಕು, ಒಡವೆ ಬೇಕು, "ನಾನೇ ಮನೆ ಬಿಟ್ಟು ಬಂದವಳು, ನನ್ನ ಹಕ್ಕು ಹೋಯಿತಾ?" ಎಂಬುದಕ್ಕೆ ಉತ್ತರ ಬೇಕು. ನಾಲ್ಕು ಪ್ರಕರಣಗಳ ಪಟ್ಟಿಯಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ.

ಮುಂದಿನ ಅರ್ಧ ಗಂಟೆ ಚೀಲದ ಕಾಗದಗಳಿಗೆ ಹೋಯಿತು. ಲಗ್ನಪತ್ರಿಕೆ, ಮದುವೆಯ ಫೋಟೊಗಳು, ತಂದೆಯ ಹೆಸರಿನಲ್ಲಿದ್ದ ಚಿನ್ನದ ಅಂಗಡಿಯ ಬಿಲ್ಲುಗಳು, ಮಗುವಿನ ಜನನ ಪ್ರಮಾಣಪತ್ರ. ಅವುಗಳ ನಡುವೆ ಮಡಚಿಟ್ಟಿದ್ದ ಒಂದು ಹೊರರೋಗಿ ಚೀಟಿ ಸಿಕ್ಕಿತು: ತವರಿಗೆ ಬಂದ ಮರುದಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಎಡ ಮಣಿಕಟ್ಟಿನ ಊತಕ್ಕೆ ತೋರಿಸಿದ್ದು. ಆಕೆಗೆ ಅದು ದಾಖಲೆ ಎಂದೇ ಅನ್ನಿಸಿರಲಿಲ್ಲ; ಮಾತ್ರೆಯ ಹೆಸರು ಬರೆದಿದ್ದರೆಂದು ಇಟ್ಟುಕೊಂಡಿದ್ದರು. ಆದರೆ ಆಕೆಯ ಪ್ರಶ್ನೆಗೆ ಉತ್ತರ ಅರ್ಧದಷ್ಟು ಆ ಚೀಟಿಯಲ್ಲೇ ಇತ್ತು. ಜೀವನಾಂಶದ ಕಲಮು, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144, ಸಾಕಷ್ಟು ಕಾರಣವಿಲ್ಲದೆ ಗಂಡನೊಂದಿಗೆ ಬಾಳಲು ನಿರಾಕರಿಸುವ ಹೆಂಡತಿಗೆ ಜೀವನಾಂಶವಿಲ್ಲ ಎನ್ನುತ್ತದೆ. ಕಾರಣವಿತ್ತೆಂದು ತೋರಿಸಬಲ್ಲವರಿಗೆ ಮನೆ ಬಿಟ್ಟು ಬಂದದ್ದು ಅಡ್ಡಿಯಲ್ಲ. ಮಗುವಿನ ಜೀವನಾಂಶಕ್ಕಂತೂ ತಾಯಿ ಮನೆ ಬಿಟ್ಟದ್ದಕ್ಕೂ ಸಂಬಂಧವೇ ಇಲ್ಲ.

ಎರಡನೆಯ ಶೋಧ ಫೋನಿನಲ್ಲಿತ್ತು. ಅಡವಿನ ರಸೀದಿಯ ಫೋಟೊವನ್ನು ಆಕೆ ಜಗಳದ ದಿನ ತೆಗೆದಿಟ್ಟಿದ್ದರು. ವಕೀಲರು ಅದನ್ನು ದೊಡ್ಡದು ಮಾಡಿ ತಾರೀಖು ನೋಡಿದಾಗ, ಸಾಲದ ಅವಧಿ ಹನ್ನೆರಡು ತಿಂಗಳು, ಅಂದರೆ ಕೆಲವೇ ವಾರಗಳಲ್ಲಿ ಮುಗಿಯುತ್ತದೆ ಎಂಬುದು ತಿಳಿಯಿತು. ಬಾಕಿ ಕಟ್ಟದಿದ್ದರೆ ಹರಾಜು. ಹರಾಜಿನ ನೋಟಿಸು ಹೋಗುವುದು ಸಾಲಗಾರರಾದ ಗಂಡನಿಗೆ, ಒಡವೆಯ ಒಡತಿಗಲ್ಲ. ಹೀಗೆ, ಡೈವೋರ್ಸಿನ ಬಗ್ಗೆ ಕೇಳಲು ಬಂದವರಿಗೆ ನಿಜವಾಗಿ ತುರ್ತಾಗಿದ್ದ ವಿಷಯ ಬೇರೆಯೇ ಎಂದು ಗೊತ್ತಾಯಿತು.

ವಿಚ್ಛೇದನದ ಬಗ್ಗೆ ಕೊಟ್ಟ ಅಭಿಪ್ರಾಯ ಚುಟುಕಾಗಿತ್ತು: ಈಗ ಬೇಡ. ಪರಿತ್ಯಾಗದ, ಅಂದರೆ ಸಂಗಾತಿ ತೊರೆದು ಹೋದರೆಂಬ, ಆಧಾರಕ್ಕೆ ಹಿಂದೂ ವಿವಾಹ ಕಾಯ್ದೆ ಎರಡು ವರ್ಷಗಳ ನಿರಂತರ ಅವಧಿ ಕೇಳುತ್ತದೆ. ಪರಸ್ಪರ ಒಪ್ಪಿಗೆಯ 13-ಬಿ ಕಲಮಿಗೂ ಒಂದು ವರ್ಷ ಬೇರೆ ಇದ್ದಿರಬೇಕು. ಇಲ್ಲಿ ಹತ್ತೇ ತಿಂಗಳಾಗಿದೆ. ಕ್ರೌರ್ಯದ ಆಧಾರದ ಮೇಲೆ ಹಾಕಬಹುದು, ಆದರೆ ಬೇಕೋ ಬೇಡವೋ ಎಂದು ತನಗೇ ಗೊತ್ತಿಲ್ಲದ ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯುವುದರಲ್ಲಿ ಅರ್ಥವಿಲ್ಲ. ಮುಂದೆ ಹಾಕುವುದಾದರೂ, ಮದುವೆ ಇಲ್ಲೇ ನಡೆದದ್ದರಿಂದಲೂ, 2003ರ ತಿದ್ದುಪಡಿಯ ನಂತರ ಹೆಂಡತಿ ವಾಸವಿರುವ ಸ್ಥಳದಲ್ಲೇ ಅರ್ಜಿ ಹಾಕಲು ಅವಕಾಶವಿರುವುದರಿಂದಲೂ ದಾವಣಗೆರೆಯ ಕೌಟುಂಬಿಕ ನ್ಯಾಯಾಲಯವೇ ಸಾಕು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯೇ ಹೇಳುವುದರಿಂದ ಆ ಬಗ್ಗೆ ಗಾಬರಿ ಬೇಡ.

ಮಾಡಬೇಕಾದ್ದು ಎರಡು. ಮೊದಲನೆಯದು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯ 2005ರ ಕಾಯ್ದೆಯ 12ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, 23ನೇ ಕಲಮಿನಡಿ ಮಧ್ಯಂತರ ಆದೇಶ ಕೇಳುವುದು. ಸ್ತ್ರೀಧನವನ್ನು, ಅಂದರೆ ತವರಿನವರು ಹಾಕಿದ ಒಡವೆಯಂಥ ಹೆಂಡತಿಯ ಸ್ವಂತ ಸ್ವತ್ತನ್ನು, ಪರಭಾರೆ ಮಾಡದಂತೆ ತಡೆಯುವ ಅಧಿಕಾರ ಆ ಕಾಯ್ದೆಯ 18ನೇ ಕಲಮಿನಲ್ಲೂ, ಮರಳಿಸಲು ನಿರ್ದೇಶಿಸುವ ಅಧಿಕಾರ 19ನೇ ಕಲಮಿನಲ್ಲೂ ಇದೆ. ಇದೇ ಕಾಯ್ದೆಯಡಿ ನೇಮಕವಾದ ಸಂರಕ್ಷಣಾಧಿಕಾರಿಯ ಬಳಿ ಹೋದರೆ ಘಟನೆಯ ವರದಿಯನ್ನು ಹಣ ಪಡೆಯದೆ ಸಿದ್ಧಪಡಿಸಿಕೊಡುತ್ತಾರೆ. ಜೊತೆಗೆ ಸಾಲ ಕೊಟ್ಟ ಸಂಸ್ಥೆಗೆ, ಈ ಒಡವೆಯ ಮೇಲೆ ತನ್ನ ಹಕ್ಕಿದೆ ಎಂದು ನೋಂದಾಯಿತ ಅಂಚೆಯಲ್ಲಿ ಪತ್ರ. ಬರೀ ಪತ್ರದಿಂದ ಹರಾಜು ನಿಲ್ಲುವುದಿಲ್ಲ, ಆದರೆ ತಮಗೆ ಗೊತ್ತೇ ಇರಲಿಲ್ಲ ಎಂದು ಹೇಳಲು ಅವರಿಗೆ ಮುಂದೆ ಬಾಯಿರುವುದಿಲ್ಲ. ಎರಡನೆಯದು, ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶದ ಅರ್ಜಿ. 2020ರಲ್ಲಿ ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದಂತೆ ಎರಡೂ ಕಡೆಯವರು ತಮ್ಮ ಆಸ್ತಿ, ಆದಾಯ, ಹೊಣೆಗಾರಿಕೆಗಳ ಪ್ರಮಾಣಪತ್ರ ಸಲ್ಲಿಸಬೇಕು, ಆದ್ದರಿಂದ ಆಕೆ ತನ್ನ ಸಂಬಳವನ್ನು ಮುಚ್ಚಿಡಬಾರದು. ತೋಟ ಮಾವನ ಹೆಸರಿನಲ್ಲಿದ್ದರೂ ಅದರ ಪಹಣಿ ತೆಗೆಸಿಟ್ಟುಕೊಳ್ಳಬೇಕು. ಫೋನ್ ಬದಲಿಸಬಾರದು, ವಾಟ್ಸಾಪ್ ಅಳಿಸಬಾರದು. ಅವನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಹೊಸ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಇಷ್ಟನ್ನೂ ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ದಿನಾಂಕ ಹಾಕಿ ಆಕೆಯ ಕೈಗೆ ಕೊಟ್ಟರು.

ಇದರಲ್ಲಿ ಯಾವುದೂ ವಾದ ಮಂಡನೆಯಲ್ಲ, ಒಂದು ಅರ್ಜಿಯನ್ನೂ ಬರೆದಿರಲಿಲ್ಲ. ಆದರೆ ಪ್ರಕರಣದ ದಿಕ್ಕು ನಿರ್ಧಾರವಾದದ್ದು ಈ ಒಂದು ಗಂಟೆಯಲ್ಲೇ. ಕೌಟುಂಬಿಕ ವ್ಯಾಜ್ಯದಲ್ಲಿ ಇದು ಸಾಮಾನ್ಯ ಸಂಗತಿ. ಯಾವ ಕಾಯ್ದೆ, ಯಾವ ನ್ಯಾಯಾಲಯ, ಯಾವುದು ಮೊದಲು, ಯಾವುದನ್ನು ಹಾಕಲೇಬಾರದು ಎಂಬ ನಿರ್ಧಾರಗಳೆಲ್ಲ ಆರಂಭದಲ್ಲೇ ಆಗುತ್ತವೆ. ಆಮೇಲಿನದು ಹೆಚ್ಚಾಗಿ ತಾರೀಖುಗಳ ಓಡಾಟ. ಅತಿ ಹೆಚ್ಚು ಬುದ್ಧಿ ಖರ್ಚಾಗುವ ಗಂಟೆಯನ್ನು ಪುಕ್ಕಟೆ ಎಂದೂ, ಮುದ್ದತು ಕೇಳಲು ನಿಂತ ದಿನಕ್ಕೆ ಖರ್ಚು ಇಷ್ಟೆಂದೂ ಲೆಕ್ಕ ಹಾಕುವ ನಮ್ಮ ರೂಢಿಯೇ ತಲೆಕೆಳಗಾಗಿದೆ ಎಂದು ನನಗನ್ನಿಸುತ್ತದೆ.

ಒಂದು ವಾರದೊಳಗೆ ಅದೇ ಕಚೇರಿಗೆ ಗಂಡನ ಚಿಕ್ಕಪ್ಪ ಬಂದರು. ಸೊಸೆಯ ಕಡೆಯವರು ಅಲ್ಲಿಗೆ ಬಂದಿದ್ದು ಅವರಿಗೆ ಗೊತ್ತಿರಲಿಲ್ಲ. ಗಂಡನ ಪರವಾಗಿ ಎಲ್ಲ ಪ್ರಕರಣಗಳನ್ನೂ ನೋಡಿಕೊಳ್ಳಬೇಕು, ಫೀಸಿನ ಬಗ್ಗೆ ಚೌಕಾಸಿಯಿಲ್ಲ ಎಂದರು. ಗುಮಾಸ್ತರು ಹೆಸರು, ಊರು ಕೇಳಿ ಒಳಗೆ ಹೋಗಿ ಬಂದು, ಈ ವಿಷಯವನ್ನು ನಾವು ತೆಗೆದುಕೊಳ್ಳಲಾಗುವುದಿಲ್ಲ ಎಂದಷ್ಟೇ ಹೇಳಿದರು. ಕಾರಣ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಿಯಮಗಳಲ್ಲಿ 33ನೆಯದು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಒಂದು ದಾವೆ ಹೂಡುವ ಸಂಬಂಧದಲ್ಲಿ ಯಾವಾಗಲಾದರೂ ಒಬ್ಬರಿಗೆ ಸಲಹೆ ಕೊಟ್ಟ ವಕೀಲರು ಎದುರು ಪಕ್ಷದ ಪರವಾಗಿ ಹಾಜರಾಗುವಂತಿಲ್ಲ. ಅದಕ್ಕೆ ವಕಾಲತ್ತು ಬೇಕಿಲ್ಲ, ಸಲಹೆ ಕೊಟ್ಟಿದ್ದರೆ ಸಾಕು.

ಬೆಂಗಳೂರಿನಂಥ ಊರಿನಲ್ಲಿ ಈ ನಿಯಮದ ಭಾರ ಅಷ್ಟಾಗಿ ತಿಳಿಯದು. ಜಿಲ್ಲಾ ಕೇಂದ್ರದಲ್ಲಿ ಕೌಟುಂಬಿಕ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ಅನುಭವಿಗಳು ಕೈಬೆರಳೆಣಿಕೆಯಷ್ಟು. ಗಂಡು ಹೆಣ್ಣಿನ ಕಡೆಯವರಿಬ್ಬರೂ ಅದೇ ನಾಲ್ಕಾರು ಬಾಗಿಲುಗಳನ್ನು ತಟ್ಟುತ್ತಾರೆ. ಇದನ್ನು ಬಲ್ಲ ಕೆಲವರು, ಎದುರಿನವರಿಗೆ ಒಳ್ಳೆಯ ವಕೀಲರು ಸಿಗದಿರಲಿ ಎಂದೇ ಹೆಸರಾದ ಕಚೇರಿಗಳಿಗೆಲ್ಲ ಹೋಗಿ ಕಥೆ ಹೇಳಿ ಬರುವುದೂ ಉಂಟು. ಭೇಟಿ ಪುಕ್ಕಟೆಯಾಗಿದ್ದರೆ ಈ ಆಟಕ್ಕೆ ಖರ್ಚೇ ಇಲ್ಲ. ಶುಲ್ಕ ಅದನ್ನು ಪೂರ್ತಿ ತಡೆಯದಿದ್ದರೂ, ನಿಜವಾಗಿ ಸಲಹೆ ಬೇಕಾದವರನ್ನೂ ಬೀಗ ಹಾಕಲು ಬಂದವರನ್ನೂ ಒಂದಿಷ್ಟು ಬೇರ್ಪಡಿಸುತ್ತದೆ.

ಶುಲ್ಕದ ಪರವಾಗಿ ವಕೀಲರು ಸಾಮಾನ್ಯವಾಗಿ ಹೇಳುವುದು ಸಮಯದ ಬೆಲೆಯ ಮಾತು. ಹಗಲೆಲ್ಲ ನ್ಯಾಯಾಲಯದಲ್ಲಿರುತ್ತೇವೆ, ಸಂಜೆಯ ಎರಡು ಮೂರು ಗಂಟೆಯಲ್ಲೇ ಕಚೇರಿ, ಕಿರಿಯರು, ಗುಮಾಸ್ತರು, ಬಾಡಿಗೆ ಎಲ್ಲವೂ ನಡೆಯಬೇಕು ಎನ್ನುತ್ತಾರೆ. ಅದು ನಿಜ, ಆದರೆ ಯಾವ ವೃತ್ತಿಯವರಿಗೂ ಅನ್ವಯಿಸುವ ನಿಜ. ಈ ಪ್ರಕರಣ ತೋರಿಸುವ ಕಾರಣ ಬೇರೆ. ವಕೀಲರ ಪರಿಷತ್ತಿನ 20ನೇ ನಿಯಮದ ಪ್ರಕಾರ ಗೆದ್ದರೆ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡಿಕೊಳ್ಳುವಂತಿಲ್ಲ. ಬಂದ ಜೀವನಾಂಶದಲ್ಲಿ ಪಾಲು ಕೇಳುವುದು ನಿಷಿದ್ಧ. ಹಾಗಾದರೆ ಉಚಿತ ಭೇಟಿಯ ಖರ್ಚು ಹುಟ್ಟುವುದು ಒಂದೇ ಕಡೆಯಿಂದ, ಅದರ ನಂತರ ಹಾಕುವ ಪ್ರಕರಣಗಳ ಫೀಸಿನಿಂದ. ಹಾಕಬೇಡಿ ಎಂಬ ಸಲಹೆ ಅಂಥ ಕಚೇರಿಗೆ ಶುದ್ಧ ನಷ್ಟ. ಭೇಟಿಗೇ ಹಣ ಪಡೆದ ಕಚೇರಿಗೆ ಹಾಕಿ ಎನ್ನುವುದೂ ಬೇಡ ಎನ್ನುವುದೂ ಆ ಗಂಟೆಯ ಮಟ್ಟಿಗೆ ಒಂದೇ. ಆಕೆ ಕೊಟ್ಟ ಸಾವಿರ ರೂಪಾಯಿ ಆ ನಿರ್ಲಿಪ್ತತೆಗೆ ಕೊಟ್ಟ ಬೆಲೆ.

ಇದೇ ಕಾರಣಕ್ಕೆ, ಸಮಾಲೋಚನೆಯ ಶುಲ್ಕವನ್ನು ಮುಂದಿನ ಫೀಸಿನಲ್ಲಿ ವಜಾ ಮಾಡಿಕೊಡುವ ಪದ್ಧತಿಯನ್ನು ನಾನು ಮೆಚ್ಚುವುದಿಲ್ಲ. ಅದು ಉದಾರವಾಗಿ ಕಾಣುತ್ತದೆ, ಆದರೆ ಕೊಟ್ಟ ಸಾವಿರ ವ್ಯರ್ಥವಾಗಬಾರದೆಂಬ ಲೆಕ್ಕದಲ್ಲಿ ಕಕ್ಷಿದಾರರನ್ನು ಮತ್ತೆ ವಕಾಲತ್ತಿನ ಕಡೆಗೇ ನೂಕುತ್ತದೆ. ಈ ಕಚೇರಿ ವಜಾ ಮಾಡುತ್ತಿರಲಿಲ್ಲ, ಮತ್ತು ಹಾಗೆಂದು ಮೊದಲೇ ಹೇಳಿತ್ತು.

14,000 ಸಂಬಳದವರಿಗೆ 1,000 ಸಣ್ಣ ಮೊತ್ತವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಅದರಲ್ಲೂ ಹೊಡೆಸಿಕೊಂಡು ಬರಿಗೈಯಲ್ಲಿ ಮನೆ ಬಿಟ್ಟವರ ಬಳಿ ಅಷ್ಟೂ ಇರುವುದಿಲ್ಲ. ಶುಲ್ಕ ಸಮರ್ಥನೀಯವಾಗುವುದು ಉಚಿತ ಬಾಗಿಲು ಎಲ್ಲಿದೆ ಎಂದು ಮೊದಲೇ ತಿಳಿಸಿದಾಗ, ಮೊತ್ತವನ್ನು ಫೋನಿನಲ್ಲೇ ಹೇಳಿದಾಗ, ರಸೀದಿ ಕೊಟ್ಟಾಗ, ಕೊಟ್ಟ ಸಲಹೆಯನ್ನು ಬರಹದಲ್ಲಿ ಇಟ್ಟಾಗ ಮಾತ್ರ. ಕುರ್ಚಿಯಲ್ಲಿ ಕೂತು ಕಣ್ಣೀರು ಹಾಕಿದ ಮೇಲೆ ಶುಲ್ಕದ ಮಾತು ತೆಗೆಯುವ, ರಸೀದಿ ಕೇಳಿದರೆ ಮುಖ ಗಂಟಿಕ್ಕುವ ಕಚೇರಿಗಳನ್ನು ಸಮರ್ಥಿಸಲು ನನ್ನ ಬಳಿ ಯಾವ ವಾದವೂ ಇಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟ ಮೇಲೆ, ಸೇವಾಲೋಪವೆಂದು ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಮುಚ್ಚಿದೆ. ವೃತ್ತಿ ದುರ್ನಡತೆ ಎನ್ನುವ ಮಟ್ಟದ ದೂರಾದರೆ ರಾಜ್ಯ ವಕೀಲರ ಪರಿಷತ್ತಿಗೆ ಹೋಗಬೇಕು. ಆದ್ದರಿಂದ ರಸೀದಿ ಮತ್ತು ಒಂದು ಪುಟದ ಬರಹ ಕಕ್ಷಿದಾರರಿಗೆ ಮೊದಲಿಗಿಂತ ಈಗ ಹೆಚ್ಚು ಮುಖ್ಯ.

ಆಕೆ ಆ ಕಚೇರಿಗೆ ವಕಾಲತ್ತು ಕೊಡಲಿಲ್ಲ. ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ, ಆ ಒಂದು ಪುಟವನ್ನೂ ಕಾಗದಗಳನ್ನೂ ಹಿಡಿದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದರು. ಸಲಹೆ ಒಂದು ಕಡೆ, ಪ್ರಾತಿನಿಧ್ಯ ಇನ್ನೊಂದು ಕಡೆ ಪಡೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಮು ವಕೀಲರ ಮೂಲಕವೇ ಹಾಜರಾಗುವುದನ್ನು ಪಕ್ಷಕಾರರ ಹಕ್ಕೆಂದು ಒಪ್ಪುವುದೇ ಇಲ್ಲವಾದ್ದರಿಂದ, ಬಿಡಿಯಾಗಿ ಪಡೆದ ಒಳ್ಳೆಯ ಸಲಹೆಗೆ ಈ ನ್ಯಾಯಾಲಯದಲ್ಲಿ ಬೇರೆಡೆಗಿಂತ ಹೆಚ್ಚು ಉಪಯೋಗವಿದೆ. ಪ್ರಾಧಿಕಾರ ನೇಮಿಸಿದ ವಕೀಲರು ಆ ಪುಟದಲ್ಲಿದ್ದ ಕ್ರಮದಲ್ಲೇ ಹೊರಟರು. ಅಣ್ಣನ ಅನುಮಾನಕ್ಕೆ ವಿರುದ್ಧವಾಗಿ, ಅವರು ಕೆಲಸ ಬಲ್ಲವರಾಗಿದ್ದರು. ಎರಡನೆಯ ಕಚೇರಿಗೆ ಈ ಇಡೀ ಪ್ರಕರಣದಿಂದ ಬಂದದ್ದು ಸಾವಿರ ರೂಪಾಯಿ. ಬಿಟ್ಟುಕೊಟ್ಟದ್ದು ಚಿಕ್ಕಪ್ಪ ತಂದಿದ್ದ ವಕಾಲತ್ತು.

ಸಾಲದ ಅವಧಿ ಮುಗಿಯುವ ಮೊದಲೇ ಮ್ಯಾಜಿಸ್ಟ್ರೇಟರಿಂದ ಮಧ್ಯಂತರ ಆದೇಶ ಬಂತು. ಒಡವೆ ಹರಾಜಿಗೆ ಹೋಗದಂತೆ ಗಂಡ ಬಡ್ಡಿ ಕಟ್ಟಿ ಸಾಲ ಮುಂದುವರಿಸಿದರು. ಬೇರೊಬ್ಬ ವಕೀಲರ ಮೂಲಕ ಅವರ ಕಡೆಯಿಂದ ಬಂದದ್ದು ವಿಚ್ಛೇದನದ ಅರ್ಜಿಯಲ್ಲ, ಮರಳಿ ಬಂದು ಸಂಸಾರ ಮಾಡು ಎಂಬ ನೋಟಿಸು. ಊರಿನ ಸುದ್ದಿ ಸುಳ್ಳಾಗಿತ್ತು. ಆಕೆ ಅದಕ್ಕೆ ಆಸ್ಪತ್ರೆಯ ಚೀಟಿಯ ಉಲ್ಲೇಖದೊಂದಿಗೆ ಉತ್ತರ ಕೊಡಿಸಿದರು. ದಾಂಪತ್ಯ ಹಕ್ಕುಗಳ ಮರುಸ್ಥಾಪನೆಯ ಡಿಕ್ರಿಯನ್ನು, ಅಂದರೆ ಮರಳಿ ಬಂದು ಜೊತೆಗೆ ಬಾಳಬೇಕೆಂಬ ನ್ಯಾಯಾಲಯದ ಆದೇಶವನ್ನು, ಗಂಡ ಪಡೆದು ಹೆಂಡತಿ ಅದನ್ನು ಪಾಲಿಸದಿದ್ದರೂ, ಅಷ್ಟಕ್ಕೇ ಆಕೆಯ ಜೀವನಾಂಶ ತಪ್ಪುವುದಿಲ್ಲವೆಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆ ನೋಟಿಸಿನ ಹೆದರಿಕೆಯೂ ಇಳಿಯಿತು. ಮಗುವಿಗೆ ತಿಂಗಳಿಗೆ 5,000 ರೂಪಾಯಿ ಮಧ್ಯಂತರ ಜೀವನಾಂಶ ಮಂಜೂರಾಗಿದೆ. ಆಕೆಯ ಸ್ವಂತ ಜೀವನಾಂಶದ ವಿಷಯ ವಿಚಾರಣೆಯಲ್ಲಿದೆ. ನ್ಯಾಯಾಲಯ ಮಧ್ಯಸ್ಥಿಕೆಗೆ ಕಳಿಸಿದಾಗ ಅಡಿಕೆ ಮಾರಿದ ಮೇಲೆ ಎರಡು ಕಂತಿನಲ್ಲಿ ಒಡವೆ ಬಿಡಿಸಿಕೊಡಲು ಗಂಡ ಒಪ್ಪಿದ್ದಾರೆ, ಮೊದಲ ಕಂತಿನ ಒಡವೆ ಆಕೆಯ ಕೈ ಸೇರಿದೆ. ಮಗು ತಾಯಿಯ ಬಳಿ ಇದೆ. ತಂದೆ ಎರಡು ವಾರಕ್ಕೊಮ್ಮೆ ಭಾನುವಾರ ಬಂದು ನೋಡಿಕೊಂಡು ಹೋಗುತ್ತಾರೆ. ವಿಚ್ಛೇದನಕ್ಕೆ ಇಬ್ಬರೂ ಅರ್ಜಿ ಹಾಕಿಲ್ಲ.